ಚಂಡಮಾರುತದ ಆರು ತಿಂಗಳು ಹಾಯಿದೋಣಿಯಲ್ಲೇ ಇರಬಹುದಾ? ಗ್ರೆನಡಾ ಕಡೆ ಇದ್ದವರು ದಯವಿಟ್ಟು ಹೇಳಿ

ಅಲೆಮನೆ · ಏಪ್ರಿಲ್ 18

ಎಲ್ಲರಿಗೂ ನಮಸ್ಕಾರ. ನಾನು, ನನ್ನ ಗಂಡ ಇಬ್ಬರೂ ಮೈಸೂರಿನವರು. ಕಳೆದ ನವೆಂಬರ್‌ನಲ್ಲಿ 36 ಅಡಿಯ ಹಳೇ ಹಾಯಿದೋಣಿ ಕೊಂಡೆವು. ಕೆಲಸ ಬಿಟ್ಟೆವು, ಬಾಡಿಗೆ ಮನೆ ಖಾಲಿ ಮಾಡಿದೆವು. ಈಗ ದೋಣಿಯೇ ಮನೆ. ಕೆರಿಬಿಯನ್ ಕಡಲಿನ ಆಂಟಿಗಾದಿಂದ ಹೊರಟು ಗ್ವಾಡಲೂಪ್, ಡೊಮಿನಿಕಾ ನೋಡಿಕೊಂಡು ಮಾರ್ಟಿನಿಕ್‌ನ ಸೇಂಟ್ ಆನ್‌ನಲ್ಲಿ ಲಂಗರು ಹಾಕಿದ್ದೇವೆ. ಐದು ತಿಂಗಳು ಹಬ್ಬದ ಹಾಗೆ ಕಳೆಯಿತು. ಈಗ ಕ್ಯಾಲೆಂಡರ್ ನೋಡಿದರೆ ಹೊಟ್ಟೆಯಲ್ಲಿ ತಳಮಳ.

ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ ಅಂತಾರೆ. ಪಕ್ಕದ ದೋಣಿಯವರನ್ನು ಕೇಳಿದರೆ ಎಲ್ಲರದೂ ಒಂದೇ ಮಾತು: "ಗ್ರೆನಡಾಗೆ ಇಳಿದುಬಿಡಿ, ಅಷ್ಟು ದಕ್ಷಿಣಕ್ಕೆ ಏನೂ ಬರಲ್ಲ". ಇದು ನಿಜವಾ? ದೋಣಿಯಲ್ಲೇ ಇರಬಹುದಾ, ಅಥವಾ ದೋಣಿಯನ್ನು ನೆಲಕ್ಕೆ ಎತ್ತಿಸಿ ನಾವು ಊರಿಗೆ ಹೋಗಬೇಕಾ? ವಿಮೆಯ ಕಾಗದದಲ್ಲಿ ಏನೋ ಅಕ್ಷಾಂಶದ ಗೆರೆ ಹಾಕಿದ್ದಾರೆ, ಅದೂ ಅರ್ಥವಾಗಲಿಲ್ಲ. ಅಮ್ಮ ದಿನಾ ಫೋನ್ ಮಾಡಿ "ಸುಮ್ನೆ ಮನೆಗೆ ಬಂದುಬಿಡಿ" ಅಂತಾರೆ. ಅವರಿಗೆ ಕೊಡೋಕೆ ನನ್ನ ಹತ್ತಿರ ಒಂದು ಗಟ್ಟಿ ಉತ್ತರ ಬೇಕು.

ಕಡಲಕಾಗೆ · ಏಪ್ರಿಲ್ 18

ನಮಸ್ಕಾರ. ನಾನು ಹೊನ್ನಾವರದವನು. ಗ್ರೆನಡಾದ ದಕ್ಷಿಣದ ಕೊಲ್ಲಿಗಳಲ್ಲಿ ನಾಲ್ಕು ಮಳೆಗಾಲ ದೋಣಿಯಲ್ಲೇ ಕಳೆದಿದ್ದೇನೆ. 2024ರ ಬೆರಿಲ್ ಚಂಡಮಾರುತ ಬಂದಾಗಲೂ ಇಲ್ಲೇ ಇದ್ದೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಆ "ಏನೂ ಬರಲ್ಲ" ಅನ್ನೋ ಮಾತು. ಅದು ಸುಳ್ಳು. 1955ರಲ್ಲಿ ಜಾನೆಟ್ ಚಂಡಮಾರುತ ಗ್ರೆನಡಾಗೆ ಹೊಡೆಯಿತು. ಆಮೇಲೆ ಸುಮಾರು ಐವತ್ತು ವರ್ಷ ಅಂಥ ದೊಡ್ಡ ಹೊಡೆತ ಬೀಳಲಿಲ್ಲ. ಆ ಐವತ್ತು ವರ್ಷದಲ್ಲಿ ಈ ನಂಬಿಕೆ ಬೇರು ಬಿಟ್ಟಿತು. 2004ರ ಸೆಪ್ಟೆಂಬರ್ 7ಕ್ಕೆ ಐವನ್ ಬಂತು. ದ್ವೀಪದ ನೂರಕ್ಕೆ ತೊಂಬತ್ತರಷ್ಟು ಮನೆಗಳಿಗೆ ಪೆಟ್ಟು, 39 ಜನ ಸತ್ತರು, ಜಾಯಿಕಾಯಿ ತೋಟಗಳು ನೆಲಸಮ. ಬೋಟ್‌ಯಾರ್ಡ್‌ನಲ್ಲಿ ಸಾಲಾಗಿ ನಿಲ್ಲಿಸಿದ್ದ ದೋಣಿಗಳು ಒಂದರ ಮೇಲೊಂದು ಬಿದ್ದವು. ಮರುವರ್ಷವೇ ಜುಲೈನಲ್ಲಿ ಎಮಿಲಿ. ಆಮೇಲೆ 2024ರ ಜುಲೈ 1ಕ್ಕೆ ಬೆರಿಲ್. ಅದರ ಕಣ್ಣು ಗ್ರೆನಡಾದ್ದೇ ಭಾಗವಾದ ಕ್ಯಾರಿಯಕೂ ದ್ವೀಪದ ಮೇಲೆ ಹಾದುಹೋಯಿತು. ಗಾಳಿ ಗಂಟೆಗೆ 240 ಕಿಲೋಮೀಟರ್.

ನೀವು ಮೈಸೂರಿನವರು ಅಂದಿರಿ. ಮೈಸೂರು ಇರುವುದು ಸುಮಾರು 12.3 ಡಿಗ್ರಿ ಉತ್ತರದಲ್ಲಿ. ಗ್ರೆನಡಾದ ದಕ್ಷಿಣ ತುದಿ 12 ಡಿಗ್ರಿ, ಕ್ಯಾರಿಯಕೂ 12.5. ಅಂದರೆ ನಿಮ್ಮೂರಿನ ಗೆರೆಯನ್ನು ಪಶ್ಚಿಮಕ್ಕೆ ಎಳೆದುಕೊಂಡು ಹೋದರೆ ಈ ಎರಡು ದ್ವೀಪಗಳ ನಡುವೆ ಬಂದು ನಿಲ್ಲುತ್ತದೆ. ಗೆರೆಯ ಆ ಕಡೆ ಊರಿಗೆ ಊರೇ ಹೋಯಿತು, ಈ ಕಡೆ ನಾವು ಉಳಿದೆವು. ನಡುವೆ ಇರೋದು ಐವತ್ತು ಕಿಲೋಮೀಟರ್ ಚಿಲ್ಲರೆ.

ಹಾಗಂತ ಗ್ರೆನಡಾಗೆ ಬರಬೇಡಿ ಅಂತ ಹೇಳುತ್ತಿಲ್ಲ. ಬನ್ನಿ. ಕೆಳಗೆ ಬಂದಷ್ಟೂ ಅಪಾಯ ಕಮ್ಮಿ, ಅದು ನಿಜ. ಆದರೆ "ಇಲ್ಲಿಗೆ ಬಂದೆವು, ಮುಗೀತು" ಅಂತ ಕೂರಬೇಡಿ. ಇಲ್ಲಿಂದ ಮುಂದೆ ಏನು ಅನ್ನೋದನ್ನು ಗಾಳಿ ಇಲ್ಲದ ದಿನ, ಹೊಟ್ಟೆ ತುಂಬ ಊಟ ಮಾಡಿ, ಗಂಡ ಹೆಂಡತಿ ಕೂತು ಕಾಗದದ ಮೇಲೆ ಬರೆದಿಡಿ. ಯಾಕೆ ಅಂದರೆ ಬೆರಿಲ್ ಬರೀ ವಾಯುಭಾರ ಕುಸಿತ ಆಗಿದ್ದು ಜೂನ್ 28ಕ್ಕೆ. ಅಲ್ಲಿಂದ ದೊಡ್ಡ ಚಂಡಮಾರುತ ಆಗೋಕೆ ಅದಕ್ಕೆ ಬೇಕಾಗಿದ್ದು 42 ಗಂಟೆ. ಜುಲೈ 1ರ ಬೆಳಿಗ್ಗೆ ಅದು ಕ್ಯಾರಿಯಕೂನಲ್ಲಿತ್ತು. ಹೆಸರು ಇಟ್ಟ ಮೇಲೆ ಯೋಚನೆ ಮಾಡೋಣ ಅಂದವರಿಗೆ ಸಿಕ್ಕಿದ್ದು ಎರಡು ಹಗಲು, ಎರಡು ರಾತ್ರಿ. ಅಷ್ಟರಲ್ಲಿ ಹಾಯಿ ಇಳಿಸಬೇಕು, ನೀರು, ಡೀಸೆಲ್ ತುಂಬಬೇಕು, ದೇಶ ಬಿಡೋಕೆ ಕಸ್ಟಮ್ಸ್ ಮುದ್ರೆ ಬೇಕು. ಆ ಹೊತ್ತಿಗೆ ಕಚೇರಿ ಮುಚ್ಚಿರುತ್ತದೆ, ಬೋಟ್‌ಯಾರ್ಡ್ ಕ್ರೇನ್‌ಗೆ ಮೂವತ್ತು ದೋಣಿಯ ಸಾಲು ಇರುತ್ತದೆ.

ಅಲೆಮನೆ · ಏಪ್ರಿಲ್ 19

ಓದಿ ರಾತ್ರಿ ನಿದ್ದೆ ಬರಲಿಲ್ಲ. ಆದರೂ ಥ್ಯಾಂಕ್ಸ್. ಆ ಕಾಗದದ ಮೇಲೆ ನೀವು ಏನು ಬರೆದಿದ್ದೀರಿ, ಹೇಳಬಹುದಾ?

ಕಡಲಕಾಗೆ · ಏಪ್ರಿಲ್ 19

ಹೇಳುತ್ತೇನೆ. ನಮ್ಮದು ನ್ಯಾವಿಗೇಷನ್ ಮೇಜಿನ ಮುಚ್ಚಳದ ಒಳಗೆ ಅಂಟಿಸಿದೆ.

ಮಯಾಮಿಯ ರಾಷ್ಟ್ರೀಯ ಚಂಡಮಾರುತ ಕೇಂದ್ರ ದಿನಕ್ಕೆ ನಾಲ್ಕು ಸಲ ಮುಂದಿನ ಏಳು ದಿನದ ನಕ್ಷೆ ಹಾಕುತ್ತದೆ. ಆಫ್ರಿಕಾ ಕರಾವಳಿಯಿಂದ ಮೂರು ನಾಲ್ಕು ದಿನಕ್ಕೊಂದು ಟ್ರಾಪಿಕಲ್ ವೇವ್, ಅಂದರೆ ಮಳೆಮೋಡಗಳ ಗುಂಪು, ಹೊರಡುತ್ತದೆ. ವರ್ಷಕ್ಕೆ ಸುಮಾರು ಅರವತ್ತು. ಬಹಳಷ್ಟು ಬರೀ ಮಳೆ ಸುರಿಸಿ ಹೋಗುತ್ತವೆ. ಚಂಡಮಾರುತ ಆಗುವ ಸಾಧ್ಯತೆ ಇರುವ ಕೆಲವಕ್ಕೆ ಮಾತ್ರ ನಕ್ಷೆಯಲ್ಲಿ ಹಳದಿ ಬಣ್ಣ ಬರುತ್ತದೆ, ಸಾಧ್ಯತೆ ಹೆಚ್ಚಿದರೆ ಕಿತ್ತಳೆ, ಆಮೇಲೆ ಕೆಂಪು.

ಹಳದಿ ಕಂಡರೆ ನಾವು ಟ್ಯಾಂಕ್ ತುಂಬುತ್ತೇವೆ, ದಿನಸಿ ತರುತ್ತೇವೆ. ಕಿತ್ತಳೆ ಆಗಿ, ಅದು 15 ಡಿಗ್ರಿಗಿಂತ ಕೆಳಗೆ ಬರುವ ಹಾಗೆ ಕಂಡರೆ ಅವತ್ತೇ ಮುಂದಿನ ಹಾಯಿ ಇಳಿಸುತ್ತೇವೆ, ಕಸ್ಟಮ್ಸ್‌ಗೆ ಹೋಗುತ್ತೇವೆ. ಕೆಂಪು ಆದರೆ ಮತ್ತೆ ಚರ್ಚೆ ಇಲ್ಲ. 72 ಗಂಟೆ ಇದ್ದರೆ ದಕ್ಷಿಣಕ್ಕೆ ಟ್ರಿನಿಡಾಡ್. 48 ಗಂಟೆಗಿಂತ ಕಮ್ಮಿ ಇದ್ದರೆ ಹೊರಡುವುದಿಲ್ಲ. ದೋಣಿ ಕಟ್ಟುತ್ತೇವೆ, ಕೈಚೀಲ ತಗೊಂಡು ನೆಲಕ್ಕೆ ಹೋಗುತ್ತೇವೆ. ದೋಣಿಯಲ್ಲಿ ಯಾರೂ ಉಳಿಯಬಾರದು. ಈ ಕೊನೇ ಸಾಲನ್ನು ನನ್ನ ಹೆಂಡತಿ ಕೆಂಪು ಶಾಯಿಯಲ್ಲಿ ಬರೆದಿದ್ದಾಳೆ.

ಇನ್ನೊಂದು. ನಕ್ಷೆಯಲ್ಲಿ ಬಿಳಿ ಶಂಕುವಿನ ಆಕಾರ ಬರುತ್ತದಲ್ಲ, ಅದು ಚಂಡಮಾರುತದ ಅಗಲ ಅಲ್ಲ. ಅದರ ನಡುಬಿಂದು ಎಲ್ಲೆಲ್ಲಿ ಹೋಗಬಹುದು ಅನ್ನೋ ಅಂದಾಜು. ಮೂರರಲ್ಲಿ ಎರಡು ಸಲ ಅದರೊಳಗೆ ಇರುತ್ತದೆ. ಅಂದರೆ ಮೂರರಲ್ಲಿ ಒಂದು ಸಲ ಹೊರಗೆ ಹೋಗುತ್ತದೆ. "ನಾವು ಶಂಕುವಿನ ಹೊರಗಿದ್ದೇವೆ" ಅಂತ ನೆಮ್ಮದಿಯಾಗಿ ಮಲಗಿದವರನ್ನು ನೋಡಿದ್ದೇನೆ.

ಒಂಟಿಹಾಯಿ · ಏಪ್ರಿಲ್ 19

ನಾನು ಇದಕ್ಕೆ ಪೂರ್ತಿ ಒಪ್ಪುವುದಿಲ್ಲ. ಒಬ್ಬನೇ ಇರುತ್ತೇನೆ, 31 ಅಡಿ ದೋಣಿ, ಏಳು ವರ್ಷದಿಂದ ಇದೇ ನನ್ನ ಮನೆ, ಬೇರೆ ಮನೆ ಇಲ್ಲ. ಬಿರುಗಾಳಿಯಲ್ಲಿ ದೋಣಿಯಲ್ಲಿ ಜನ ಇದ್ದರೆ ಎಷ್ಟೋ ದೋಣಿ ಉಳಿಯುತ್ತವೆ. ಹಗ್ಗ ಸವೆದರೆ ಬದಲಿಸಬಹುದು. ಲಂಗರು ಜಾರಿದರೆ ಎಂಜಿನ್ ಹಾಕಿ ಮುಂದಕ್ಕೆ ಒತ್ತಬಹುದು. ಪಕ್ಕದ ಖಾಲಿ ದೋಣಿ ಕಿತ್ತುಕೊಂಡು ಬಂದರೆ ತಳ್ಳಬಹುದು. 2024ರಲ್ಲಿ ನಾನು ಅದನ್ನೇ ಮಾಡಿದೆ, ನನ್ನ ದೋಣಿ ಉಳಿಯಿತು. ಎಲ್ಲರೂ ಬಿಟ್ಟುಹೋದರೆ ಮೊದಲು ಕಿತ್ತು ಬರೋ ದೋಣಿಯೇ ಉಳಿದ ಹತ್ತಕ್ಕೆ ಯಮ.

ಕಡಲಕಾಗೆ · ಏಪ್ರಿಲ್ 20

ಒಂಟಿಹಾಯಿ ಅವರೇ, ನಿಮ್ಮ ಮಾತಿನಲ್ಲಿ ಸತ್ಯ ಇದೆ. 45, 50 ನಾಟ್‌ವರೆಗೆ (ಗಂಟೆಗೆ ಸುಮಾರು 80, 90 ಕಿಲೋಮೀಟರ್ ಗಾಳಿ) ಮನುಷ್ಯ ದೋಣಿಯಲ್ಲಿ ಇದ್ದರೆ ಉಪಯೋಗ. ಅದರ ಆಚೆ ಇಲ್ಲ. ಬೆರಿಲ್ ದಿನ ನಾನೂ ದೋಣಿಯಲ್ಲೇ ಇದ್ದೆ. ಹೆಂಡತಿಯನ್ನು ನೆಲಕ್ಕೆ ಕಳಿಸಿ ನಾನು ಉಳಿದೆ. ಅವತ್ತು ಏನಾಯಿತು ಅಂತ ಹೇಳುತ್ತೇನೆ.

ಇಲ್ಲಿ ಗಾಳಿ ಯಾವತ್ತೂ ಪೂರ್ವದಿಂದ ಬೀಸುತ್ತದೆ. ದೋಣಿಗಳೆಲ್ಲ ಪೂರ್ವಕ್ಕೆ ಮುಖ ಮಾಡಿ ಕೊಟ್ಟಿಗೆಯ ದನಗಳ ಹಾಗೆ ಸಾಲಾಗಿ ನಿಂತಿರುತ್ತವೆ. ಚಂಡಮಾರುತ ನಮ್ಮ ಉತ್ತರಕ್ಕೆ ಹಾದರೆ ಗಾಳಿ ತಿರುಗಿಬಿಡುತ್ತದೆ. ಅವತ್ತು ಬೆಳಿಗ್ಗೆ ವಾಯುವ್ಯದಿಂದ ಶುರುವಾಗಿ ಪಶ್ಚಿಮಕ್ಕೆ ಬಂತು. ಎಲ್ಲಾ ದೋಣಿ ಒಟ್ಟಿಗೆ ಹಿಂದುಮುಂದಾದವು. ತಿಂಗಳುಗಟ್ಟಲೆ ಒಂದೇ ದಿಕ್ಕಿಗೆ ಎಳೆಸಿಕೊಂಡು ಕೆಸರಲ್ಲಿ ಹೂತಿದ್ದ ಲಂಗರುಗಳು ಹಿಂದಕ್ಕೆ ಮಗುಚಿದವು. ಕೆಲವು ಮತ್ತೆ ಕಚ್ಚಿದವು, ಕೆಲವು ಕಚ್ಚಲಿಲ್ಲ.

ನಮ್ಮ ಮಾಪಕದಲ್ಲಿ ಕಂಡ ದೊಡ್ಡ ಅಂಕಿ 52 ನಾಟ್. ಅಷ್ಟಕ್ಕೇ ಮಳೆಹನಿ ಮುಖಕ್ಕೆ ಮರಳು ಎರಚಿದ ಹಾಗೆ. ಕಣ್ಣು ಬಿಡೋಕೆ ಈಜುವವರ ಕನ್ನಡಕ ಹಾಕಿಕೊಂಡು ಮುಂದಿನ ಡೆಕ್‌ಗೆ ತೆವಳಿಕೊಂಡು ಹೋದೆ. ಸರಪಳಿಗೆ ಕಟ್ಟಿದ್ದ ನೈಲಾನ್ ಹಗ್ಗವನ್ನು ಮುಟ್ಟಿದರೆ ಅಷ್ಟು ಮಳೆಯಲ್ಲೂ ಬೆಚ್ಚಗಿತ್ತು! ಹಿಗ್ಗಿ ಕುಗ್ಗಿ, ಹಿಗ್ಗಿ ಕುಗ್ಗಿ ಒಳಗಿನ ಎಳೆಗಳು ಒಂದಕ್ಕೊಂದು ಉಜ್ಜಿ ಕಾಯುತ್ತವೆ. ಅಂಚಿನ ತೂತಿನಲ್ಲಿ ಹಾಯುವ ಕಡೆ ಮೂರರಲ್ಲಿ ಒಂದು ಎಳೆ ಆಗಲೇ ಕರಗಿ ಗಟ್ಟಿಯಾಗಿತ್ತು, ಪ್ಲಾಸ್ಟಿಕ್ ಬಕೆಟ್ ಸುಟ್ಟ ಹಾಗೆ. ಹಳೇ ಅಗ್ನಿಶಾಮಕ ಪೈಪಿನ ತುಂಡು ತೊಡಿಸಿ ಎರಡನೇ ಹಗ್ಗ ಹಾಕಿದೆ. ಐದು ನಿಮಿಷದ ಕೆಲಸ, ಅವತ್ತು ಮುಕ್ಕಾಲು ಗಂಟೆ ಹಿಡಿಯಿತು.

ಈಗ ಲೆಕ್ಕ ನೋಡಿ. ಗಾಳಿಯ ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟು. 30 ನಾಟ್ ಗಾಳಿ ನಮಗೆಲ್ಲ ಗೊತ್ತು. 60 ಆದರೆ ಅದರ ನಾಲ್ಕು ಪಟ್ಟು. ಕ್ಯಾರಿಯಕೂನಲ್ಲಿ ಬೀಸಿದ್ದು 130 ನಾಟ್ ಹತ್ತಿರ, ಅಂದರೆ ಹದಿನೆಂಟು ಪಟ್ಟಿಗಿಂತ ಜಾಸ್ತಿ. ಅದರಲ್ಲಿ ಎಂಜಿನ್ ಹಾಕಿ ಏನು ಮಾಡುತ್ತೀರಿ? ಡೆಕ್ ಮೇಲೆ ನಿಲ್ಲೋಕೂ ಆಗುವುದಿಲ್ಲ. ನಾವಿಬ್ಬರೂ ಉಳಿದಿದ್ದು ನಮ್ಮ ಜಾಣತನದಿಂದ ಅಲ್ಲ, ಕಣ್ಣು ಉತ್ತರಕ್ಕೆ ಹಾದಿದ್ದರಿಂದ. ನಾನು ಇದನ್ನು ಮನಸಾರೆ ಹೇಳುತ್ತಿದ್ದೇನೆ. ಮುಂದಿನ ಸಲ ನೀವೂ ನೆಲಕ್ಕೆ ಬನ್ನಿ. ನಮ್ಮ ಜೊತೆಗೇ ಬನ್ನಿ, ಜಾಗ ಇದೆ.

ಮಲ್ಪೆಅಣ್ಣ · ಏಪ್ರಿಲ್ 20

ನಾನು ಕೆರಿಬಿಯನ್ ನೋಡಿದವನಲ್ಲ. ಆದರೆ ಮನೆಯವರೆಲ್ಲ ಮೀನುಗಾರಿಕೆಯವರು, ಬೋಟ್ ಕಟ್ಟೋದು ನಮಗೂ ಗೊತ್ತು. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟ್ ಕಡಲಿಗೆ ಇಳಿಯುವ ಹಾಗಿಲ್ಲ. ಮೀನಿನ ಸಂತಾನದ ಕಾಲ ಅಂತ ಸರ್ಕಾರ ಹೇಳುತ್ತದೆ, ನಮ್ಮ ಹಿರಿಯರಿಗೆ ಕಡಲಿನ ಸಿಟ್ಟೇ ಕಾರಣವಾಗಿತ್ತು. ಆ ಎರಡು ತಿಂಗಳು ಮಲ್ಪೆ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ತಾಗಿಕೊಂಡೇ ನಿಲ್ಲುತ್ತವೆ. 2021ರ ಮೇ ತಿಂಗಳಲ್ಲಿ ತೌಕ್ತೆ ಬಂದಾಗ ನಮ್ಮ ಬೋಟಿಗೆ ನೀರಿನಿಂದ ಏನೂ ಆಗಲಿಲ್ಲ. ಪಕ್ಕದ ಬೋಟು ಉಜ್ಜಿ ಉಜ್ಜಿ ಒಂದು ಕಡೆಯ ಹಲಗೆ ಸವೆದುಹೋಯಿತು. ಟಯರ್ ಕಟ್ಟಿದ್ದೆವು, ಹಗ್ಗ ತುಂಡಾಗಿ ಟಯರ್ ಬಿದ್ದಿತ್ತು. ಹಾಗಾಗಿ ಪಕ್ಕದವರು ಯಾರು, ಅವರು ಹೇಗೆ ಕಟ್ಟಿದ್ದಾರೆ ಅಂತ ಮೊದಲು ನೋಡಿ. ಬೇಕಾದರೆ ನಿಮ್ಮದೇ ಹಗ್ಗ ಕೊಡಿ.

ಒಂದು ಪ್ರಶ್ನೆ. ಅಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಇಲ್ವಾ? ನಮ್ಮ ಕಡೆ ಬಿರುಗಾಳಿ ಅಂದರೆ ಸಣ್ಣ ದೋಣಿಗಳನ್ನು ಅಳಿವೆಯ ಒಳಗೆ ಒಯ್ದು ಕಾಂಡ್ಲಾ ಮರದ ಬುಡಕ್ಕೆ ಕಟ್ಟುತ್ತೇವೆ.

ಕಡಲಕಾಗೆ · ಏಪ್ರಿಲ್ 20

ಮಲ್ಪೆಅಣ್ಣ, ಇದೆ. ಇಲ್ಲಿಯವರೂ ಅದನ್ನೇ ಮಾಡುತ್ತಾರೆ. ಕ್ಯಾರಿಯಕೂನ ಟೈರೆಲ್ ಕೊಲ್ಲಿಯ ಒಳಗೆ ಒಂದು ಕಾಂಡ್ಲಾ ಹಿನ್ನೀರು ಇದೆ. ಉದ್ದಕ್ಕೂ ಬೇರುಗಳ ಜಾಲ, ಕೆಸರು ತಳ, ಅಲೆ ಒಳಗೆ ಬರುವುದಿಲ್ಲ. ಬಿರುಗಾಳಿಯ ಎಚ್ಚರಿಕೆ ಬಂದಾಗ ದೋಣಿಗಳು ಅಲ್ಲಿಗೆ ಹೋಗಿ ಮರಕ್ಕೆ ಜೇಡರ ಬಲೆಯ ಹಾಗೆ ಹಗ್ಗ ಕಟ್ಟಿಕೊಂಡು ನಿಲ್ಲುತ್ತವೆ. ಐವನ್‌ನಲ್ಲಿ ಅದು ಎಷ್ಟೋ ದೋಣಿ ಉಳಿಸಿತ್ತು. ಬೆರಿಲ್‌ನಲ್ಲಿ ಕಣ್ಣು ನೇರ ಮೇಲೆಯೇ ಬಂತು. ಆ ಕಾಡಿಗೆ ಎಲೆಯೇ ಉಳಿಯಲಿಲ್ಲ, ದೋಣಿಗಳು ರಾಶಿ ಬಿದ್ದವು. ಎರಡು ತಿಂಗಳ ಮೇಲೆ ಹೋಗಿ ನೋಡಿದೆ. ಬೋಳು ಕೊಂಬೆಗಳ ನಡುವೆ ಹಾಯಿಕಂಬಗಳು, ಯಾವುದು ಮರ, ಯಾವುದು ಕಂಬ ಅಂತ ದೂರದಿಂದ ಗೊತ್ತಾಗಲಿಲ್ಲ.

ಕಾಂಡ್ಲಾ ಒಳ್ಳೆಯದೇ. ಆದರೆ ಜಾಗ ಕೆಲವರಿಗೆ ಮಾತ್ರ. ಮೊದಲು ಹೋದವರಿಗೆ ಒಳಗಿನ ಮೂಲೆ, ತಡವಾಗಿ ಹೋದವರು ಬಾಯಿಯಲ್ಲಿ. 2017ರ ಇರ್ಮಾದಲ್ಲೂ ಬ್ರಿಟಿಷ್ ವರ್ಜಿನ್ ದ್ವೀಪಗಳ ಪರಾಕಿಟಾ ಕೊಲ್ಲಿಯಲ್ಲಿ ಹೀಗೇ ಆಯಿತು. ಅಲ್ಲಿನ ಎಲ್ಲಕ್ಕಿಂತ ಭದ್ರ ಜಾಗ ಅಂತ ಬಾಡಿಗೆ ದೋಣಿಗಳನ್ನೆಲ್ಲ ತಂದು ಒತ್ತೊತ್ತಾಗಿ ಕಟ್ಟಿದ್ದರು. ಒಂದು ಕಿತ್ತು ಇನ್ನೊಂದಕ್ಕೆ ಬಡಿದು, ಅದು ಕಿತ್ತು ಮತ್ತೊಂದಕ್ಕೆ ಬಡಿದು, ಕೊನೆಗೆ ಒಂದು ಮೂಲೆಯಲ್ಲಿ ಎಲ್ಲ ಗುಡ್ಡೆ. ನಿಮ್ಮ ಹಲಗೆ ಸವೆದದ್ದೂ ಅದೇ ಕಾರಣಕ್ಕೆ ಅಲ್ವಾ.

ದಕ್ಷಿಣದಿಕ್ಕು · ಏಪ್ರಿಲ್ 21

ನಾವು ಮೂರು ವರ್ಷದಿಂದ ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್ ಟ್ರಿನಿಡಾಡ್‌ನ ಶಾಗರಾಮಸ್‌ನಲ್ಲಿ ದೋಣಿಯನ್ನು ನೆಲಕ್ಕೆ ಎತ್ತಿಸಿ ಅದರಲ್ಲೇ ವಾಸ ಮಾಡುತ್ತೇವೆ. ಏಣಿ ಹತ್ತಿ ಮನೆಗೆ ಹೋಗೋದು, ಏಣಿ ಇಳಿದು ಸ್ನಾನಕ್ಕೆ ಹೋಗೋದು. ಅದು 10 ಡಿಗ್ರಿ 40 ನಿಮಿಷ ಉತ್ತರ, ಗ್ರೆನಡಾಗಿಂತ ಇನ್ನೂ ಕೆಳಗೆ. ಪೂರ್ತಿ ಅಪಾಯವಿಲ್ಲ ಅಂತ ಅಲ್ಲ. 1933ರಲ್ಲಿ ಟ್ರಿನಿಡಾಡ್‌ಗೂ ಬಂದಿದೆ, 1963ರಲ್ಲಿ ಫ್ಲೋರಾ ಪಕ್ಕದ ಟೊಬೇಗೋವನ್ನು ಹಾಳು ಮಾಡಿದೆ.

ದೋಣಿ ಎತ್ತಿಸುವವರು ಕೇಳಬೇಕಾದ್ದು ಕೆಲವು ಇವೆ. ಕೀಲ್ (ದೋಣಿಯ ತಳದ ಬೆನ್ನೆಲುಬು) ಕೆಳಗೆ ಮರದ ದಿಮ್ಮಿ, ಪಕ್ಕಕ್ಕೆ ಕಬ್ಬಿಣದ ಊರುಗೋಲು ಎಲ್ಲರೂ ಕೊಡುತ್ತಾರೆ. ಆ ಊರುಗೋಲುಗಳು ಎದುರುಬದುರು ಸರಪಳಿಯಿಂದ ಬಿಗಿದಿರಬೇಕು, ಇಲ್ಲದಿದ್ದರೆ ಮಳೆಗೆ ನೆಲ ಮೆತ್ತಗಾದಾಗ ಕಾಲು ಜಾರುತ್ತದೆ. ಡೆಕ್‌ನಿಂದ ನೆಲದ ಕಾಂಕ್ರೀಟಿಗೆ ಪಟ್ಟಿ ಕಟ್ಟುತ್ತಾರಾ ಕೇಳಿ. ಹಾಯಿಕಂಬ ಇಳಿಸಿದರೆ ಇನ್ನೂ ಒಳ್ಳೆಯದು, ಗಾಳಿಗೆ ಸಿಗೋದು ಕಮ್ಮಿ. ಹಾಯಿ, ನೆರಳಿನ ಬಟ್ಟೆ, ಸೋಲಾರ್ ಫಲಕ ಒಂದೂ ಹೊರಗೆ ಇರಬಾರದು. ಸುತ್ತಿಟ್ಟ ಮುಂದಿನ ಹಾಯಿ ಬಿಚ್ಚಿಕೊಂಡು ಒಂದು ದೋಣಿ ಬಿದ್ದರೆ ಪಕ್ಕದ ನಾಲ್ಕನ್ನು ಬೀಳಿಸುತ್ತದೆ.

ಚಿಕ್ಕ ವಿಷಯ, ಆದರೆ ನಮಗೆ ದುಬಾರಿ ಆಯಿತು. ಮೊದಲ ವರ್ಷ ಎರಡು ವಾರ ಊರಿಗೆ ಹೋಗಿದ್ದೆವು. ಕಾಕ್‌ಪಿಟ್‌ನ (ದೋಣಿ ನಡೆಸುವವರು ಕೂರುವ ತಗ್ಗಿನ) ನೀರು ಹೋಗುವ ತೂತಿಗೆ ಒಂದು ಬಾದಾಮಿ ಎಲೆ ಅಡ್ಡ ಕೂತಿತ್ತು. ಮಳೆ ನೀರು ತುಂಬಿ ಮೆಟ್ಟಿಲು ದಾಟಿ ಒಳಗೆ ಹೋಯಿತು. ಬಂದು ಬಾಗಿಲು ತೆಗೆದರೆ ನೆಲಹಲಗೆ ತೇಲುತ್ತಿತ್ತು, ಬ್ಯಾಟರಿ ಮುಳುಗಿತ್ತು, ಮದುವೆಯ ಆಲ್ಬಮ್ ಹಿಟ್ಟಾಗಿತ್ತು. ನೆಲದ ಮೇಲಿದ್ದ ದೋಣಿ ಒಳಗಿಂದ ಮುಳುಗಿತ್ತು. ನೀವು ಊರಿಗೆ ಹೋಗುವುದಾದರೆ ವಾರಕ್ಕೊಮ್ಮೆ ಹತ್ತಿ ನೋಡುವ ಒಬ್ಬರನ್ನು ಗೊತ್ತು ಮಾಡಿ.

ಗ್ರೆನಡಾದಿಂದ ಇಲ್ಲಿಗೆ ಸುಮಾರು 80 ನಾಟಿಕಲ್ ಮೈಲಿ, ಒಂದು ರಾತ್ರಿಯ ದಾರಿ. ನೀರಿನ ಸೆಳೆತ ಪಶ್ಚಿಮಕ್ಕೆ, ಅದಕ್ಕೇ ನೇರ ಗುರಿಗಿಂತ ಪೂರ್ವಕ್ಕೆ ಹಿಡಿದು ಹೋಗಿ. 2015ರ ಡಿಸೆಂಬರ್‌ನಲ್ಲಿ ಹೈಬಿಸ್ಕಸ್ ಗ್ಯಾಸ್ ಪ್ಲಾಟ್‌ಫಾರ್ಮ್ ಹತ್ತಿರ ಹಾಯಿದೋಣಿಗಳ ಮೇಲೆ ಕಡಲ್ಗಳ್ಳರ ದಾಳಿ ಆಗಿತ್ತು. ಅದಾದ ಮೇಲೆ ಹೊರಡುವ ಮೊದಲು ದೋಣಿಯ ವಿವರ, ದಾರಿ, ಹೊತ್ತು ಎಲ್ಲ ಟ್ರಿನಿಡಾಡ್ ಕೋಸ್ಟ್ ಗಾರ್ಡ್‌ಗೆ ಕಳಿಸುವ ರೂಢಿ ಇದೆ. ಬಿಡಬೇಡಿ.

ಸೇಂಟ್‌ಜಾರ್ಜಸ್_ಕನ್ನಡತಿ · ಏಪ್ರಿಲ್ 22

ನಾನು ಇಲ್ಲಿ ಗ್ರೆನಡಾದಲ್ಲಿ ಮೆಡಿಕಲ್ ಓದುತ್ತಿದ್ದೇನೆ. ಶಿವಮೊಗ್ಗದವಳು. ದೋಣಿ ಬಗ್ಗೆ ಏನೂ ಗೊತ್ತಿಲ್ಲ. ಆದರೆ ನೆಲದ ಮೇಲೆ ಎಲ್ಲಿಗೆ ಹೋಗೋದು ಅನ್ನೋದಕ್ಕೆ ನಾನು ಸಹಾಯ ಮಾಡಬಲ್ಲೆ. ಸರ್ಕಾರ ಪ್ರತೀ ವರ್ಷ ಚಂಡಮಾರುತದ ಆಶ್ರಯ ತಾಣಗಳ ಪಟ್ಟಿ ಕೊಡುತ್ತದೆ, ಬಹಳಷ್ಟು ಶಾಲೆ, ಚರ್ಚು, ಸಮುದಾಯ ಭವನಗಳು. ನಿಮ್ಮ ಕೊಲ್ಲಿಗೆ ಹತ್ತಿರದ್ದು ಯಾವುದು ಅಂತ ಬಿಸಿಲಿರುವ ದಿನ ಒಮ್ಮೆ ನಡೆದು ನೋಡಿ ಬನ್ನಿ. ಪಾಸ್‌ಪೋರ್ಟ್, ದೋಣಿಯ ಕಾಗದ, ಮೂರು ವಾರದ ಔಷಧಿ, ಒಂದಿಷ್ಟು ನಗದು ನೀರು ಹೋಗದ ಚೀಲದಲ್ಲಿ. ನಗದು ಯಾಕೆ ಅಂದರೆ ಕರೆಂಟ್ ಹೋದರೆ ಕಾರ್ಡ್ ನಡೆಯುವುದಿಲ್ಲ. ಸೊಳ್ಳೆಪರದೆ ಈಗಲೇ ಹಾಕಿ, ಮಳೆಗಾಲದಲ್ಲಿ ಡೆಂಗಿ ಇದ್ದೇ ಇರುತ್ತದೆ.

ಇನ್ನು ಅಮ್ಮನಿಗೆ ಹೇಳೋಕೆ ಒಂದು ಖುಷಿಯ ವಿಷಯ. ಇಲ್ಲಿ ಕ್ಯಾಲಲೂ ಅಂತ ಮಾರುತ್ತಾರಲ್ಲ, ಅದು ನಮ್ಮ ಕೆಸುವಿನ ಸೊಪ್ಪು! ಬ್ರೆಡ್‌ಫ್ರೂಟ್ ಅಂದರೆ ಜೀಗುಜ್ಜೆ. ಮಳೆ ಸುರಿಯುವಾಗ ನಾನು ಪತ್ರೊಡೆ ಮಾಡಿದ್ದೇನೆ. ಎಲೆಯನ್ನು ಹುಣಸೆಹುಳಿಯಲ್ಲಿ ಚೆನ್ನಾಗಿ ನೆನೆಸಿ, ಇಲ್ಲದಿದ್ದರೆ ಗಂಟಲು ತುರಿಸುತ್ತದೆ.

ಅಲೆಮನೆ · ಏಪ್ರಿಲ್ 23

ಪತ್ರೊಡೆ ವಿಷಯ ಹೇಳಿದ ಮೇಲೆ ಅಮ್ಮ ಮೊದಲ ಸಲ ನಕ್ಕರು. ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ವಿಮೆ ಬಗ್ಗೆ ಯಾರಾದರೂ ಹೇಳಿ. ನಮ್ಮ ಕಾಗದದಲ್ಲಿ "ಜುಲೈ 1ರಿಂದ ನವೆಂಬರ್ 1ರವರೆಗೆ 12 ಡಿಗ್ರಿ 40 ನಿಮಿಷಕ್ಕಿಂತ ದಕ್ಷಿಣದಲ್ಲಿ ಇರಬೇಕು" ಅಂತ ಇದೆ. ಮತ್ತೆ ಸೆಖೆ? ಇಲ್ಲಿ ಏಪ್ರಿಲ್‌ನಲ್ಲೇ ರಾತ್ರಿ ಕ್ಯಾಬಿನ್ ಒಳಗೆ 30 ಡಿಗ್ರಿ.

ಕಡಲಕಾಗೆ · ಏಪ್ರಿಲ್ 23

ವಿಮೆಯವರ ಗೆರೆ ಅವರ ದುಡ್ಡನ್ನು ಕಾಯೋಕೆ ಇರೋದು, ನಿಮ್ಮ ದೋಣಿಯನ್ನಲ್ಲ. ಕ್ಯಾರಿಯಕೂ ಆ ಗೆರೆಯ ಒಳಗೇ ಇತ್ತು ನೋಡಿ. ನನ್ನ ಗೆಳೆಯರೊಬ್ಬರು ಗೆರೆಯ ಒಳಗೇ ಇದ್ದರು, ಆದರೆ ಕಾಗದದ ಹಿಂಬದಿಯಲ್ಲಿ "ಹೆಸರಿಟ್ಟ ಚಂಡಮಾರುತಕ್ಕೆ ಕಡಿತ (ನಾವೇ ಭರಿಸಬೇಕಾದ ಪಾಲು) ಎರಡರಷ್ಟು, ಸಿದ್ಧತೆಯ ಯೋಜನೆ ಮೊದಲೇ ಲಿಖಿತವಾಗಿ ಕೊಟ್ಟಿರಬೇಕು" ಅಂತ ಇತ್ತು. ಅವರು ಯೋಜನೆ ಕೊಟ್ಟಿರಲಿಲ್ಲ. ಎಂಟು ತಿಂಗಳು ಅಲೆದು ಕೊನೆಗೆ ಅರ್ಧಕ್ಕಿಂತ ಕಮ್ಮಿ ಸಿಕ್ಕಿತು. ಹಾಗಾಗಿ ಹಿಂಬದಿ ಓದಿ, ಯೋಜನೆ ಬರೆದು ಕಳಿಸಿ. ಕಟ್ಟಿದ ಹಗ್ಗಗಳ ಫೋಟೋ ಪ್ರತೀ ಸಲ ತೆಗೆದಿಡಿ, ದಿನಾಂಕದ ಸಮೇತ.

ಸೆಖೆ ಬಗ್ಗೆ ಸತ್ಯ ಹೇಳುತ್ತೇನೆ, ಚಂಡಮಾರುತಕ್ಕಿಂತ ಜಾಸ್ತಿ ಜನರನ್ನು ಓಡಿಸೋದು ಇದೇ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಗಾಳಿ ಬಿದ್ದುಹೋಗುತ್ತದೆ. ರಾತ್ರಿ ಎರಡು ಗಂಟೆಗೆ ಮಳೆ ಬರುತ್ತದೆ, ಹ್ಯಾಚ್ ಮುಚ್ಚುತ್ತೀರಿ. ಹತ್ತು ನಿಮಿಷಕ್ಕೆ ನಿಲ್ಲುತ್ತದೆ, ಬೆವರು ಒರೆಸಿಕೊಂಡು ತೆಗೆಯುತ್ತೀರಿ. ಮೂರಕ್ಕೆ ಮತ್ತೆ ಮಳೆ. ಬಟ್ಟೆ, ಪುಸ್ತಕ, ಚಪ್ಪಲಿ ಎಲ್ಲದಕ್ಕೂ ಹಸಿರು ಬೂಷ್ಟು. ವಾರಕ್ಕೊಮ್ಮೆ ಬೀರು ಖಾಲಿ ಮಾಡಿ ವಿನೆಗರ್ ನೀರಲ್ಲಿ ಒರೆಸಿ. ಸಮುದ್ರದ ನೀರು 29, 30 ಡಿಗ್ರಿ ಇರುವುದರಿಂದ ದೋಣಿಯ ತಳಕ್ಕೆ ಬಾರ್ನಕಲ್ (ಅಂಟಿಕೊಳ್ಳುವ ಚಿಪ್ಪುಜೀವಿ) ಹತ್ತುವುದೂ ಬೇಗ. ಹದಿನೈದು ದಿನ ಬಿಟ್ಟರೆ ಪ್ರೊಪೆಲರ್ ತಿರುಗುವುದಿಲ್ಲ. ಇದು ಬರೀ ಕೊಳಕಿನ ಪ್ರಶ್ನೆ ಅಲ್ಲ. ಓಡಬೇಕಾದ ದಿನ ದೋಣಿ ಓಡಬೇಕಲ್ಲ! ಪ್ರತೀ ಶನಿವಾರ ಬೆಳಿಗ್ಗೆ ಕೆರೆಯೋ ಚಾಕು ಹಿಡಿದು ನೀರಿಗೆ ಇಳಿಯಿರಿ.

ಆದರೂ ನಾನು ಈ ಆರು ತಿಂಗಳನ್ನು ಇಷ್ಟಪಡುತ್ತೇನೆ. ಬೆಳಿಗ್ಗೆ 7:30ಕ್ಕೆ ರೇಡಿಯೋದಲ್ಲಿ ಎಲ್ಲಾ ದೋಣಿಯವರು ಮಾತಿಗೆ ಸಿಗುತ್ತಾರೆ, ಹವಾಮಾನ ಹೇಳುತ್ತಾರೆ, ಯಾರಿಗೆ ಏನು ಬೇಕು ಕೇಳುತ್ತಾರೆ. ಪೂರ್ವದಲ್ಲಿ ರಾತ್ರಿಯಿಡೀ ಸದ್ದಿಲ್ಲದ ಮಿಂಚು. ಮಳೆನೀರನ್ನು ನೆರಳುಬಟ್ಟೆಯಿಂದ ಹಿಡಿದು ಟ್ಯಾಂಕ್ ತುಂಬಿಸಿಕೊಳ್ಳುವಾಗ ಹೊನ್ನಾವರದ ಜುಲೈ ನೆನಪಾಗುತ್ತದೆ.

ಒಂಟಿಹಾಯಿ · ಏಪ್ರಿಲ್ 24

ಕಡಲಕಾಗೆ, ನಿಮ್ಮ ಲೆಕ್ಕ ಎರಡು ದಿನ ತಲೆಯಲ್ಲಿ ತಿರುಗಿತು. 130 ನಾಟ್‌ನಲ್ಲಿ ನಾನು ಏನು ಮಾಡುತ್ತಿದ್ದೆ ಅನ್ನೋದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನನ್ನ ಹತ್ತಿರ ವಿಮೆಯೂ ಇಲ್ಲ, ದೋಣಿ ಹೋದರೆ ಎಲ್ಲ ಹೋಯಿತು. ಅದಕ್ಕೇ ಬಿಡೋಕೆ ಕಷ್ಟ. ಆದರೂ ಈ ಸಲ ಕೆಂಪು ಬಂದರೆ ಎಲ್ಲಾ ಹಗ್ಗ ಕಟ್ಟಿ ನಿಮ್ಮ ಜೊತೆ ಬರುತ್ತೇನೆ. ಹಗ್ಗ ಕಟ್ಟೋಕೆ ಯಾರಿಗಾದರೂ ಕೈ ಬೇಕಿದ್ದರೆ ಹೇಳಿ, ನನಗೆ ಆ ಕೆಲಸ ಚೆನ್ನಾಗಿ ಬರುತ್ತದೆ.

ಮಲ್ಪೆಅಣ್ಣ · ಏಪ್ರಿಲ್ 24

ಒಳ್ಳೆಯದಾಯಿತು ಮಾರಾಯ್ರೆ.

ಅಲೆಮನೆ · ಜುಲೈ 29

ತುಂಬಾ ದಿನ ಆಯಿತು ಬರೆದು. ಜೂನ್ 3ಕ್ಕೆ ಗ್ರೆನಡಾ ತಲುಪಿದೆವು. ಎರಡು ತಿಂಗಳು ಹಾಗ್ ಐಲ್ಯಾಂಡ್ ಹತ್ತಿರ ಲಂಗರಿನಲ್ಲಿ ಇದ್ದೇವೆ. ಕಾಗದ ಬರೆದು ಮೇಜಿಗೆ ಅಂಟಿಸಿದ್ದೇವೆ. ನಮ್ಮದರಲ್ಲಿ ಒಂದು ಸಾಲು ಜಾಸ್ತಿ ಇದೆ: ಆಗಸ್ಟ್ ಶುರುವಾಗುವ ಮೊದಲೇ, ಬಣ್ಣ ಯಾವುದೇ ಇರಲಿ, ಟ್ರಿನಿಡಾಡ್‌ಗೆ ಹೋಗೋದು. ಯಾರ್ಡ್‌ನಲ್ಲಿ ಮೂರು ತಿಂಗಳಿಗೆ ಜಾಗ ಸಿಕ್ಕಿದೆ. ದೋಣಿಯಲ್ಲೇ ಇರುತ್ತೇವೆ, ಏಣಿ ಹತ್ತಿ ಇಳಿದು.

ಒಂದು ದಿನ ಹಳದಿ ಬಂದಿತ್ತು. ಅವತ್ತು ಸಾಯಂಕಾಲ ಒಂಟಿಹಾಯಿ ಅವರು ಡಿಂಗಿಯಲ್ಲಿ ಬಂದು ನಮ್ಮ ಮುಂದಿನ ಹಾಯಿ ಇಳಿಸೋಕೆ ಕೈಜೋಡಿಸಿದರು. ಹಗ್ಗಕ್ಕೆ ಪೈಪಿನ ತುಂಡು ಹೊಲಿಯೋದು ತೋರಿಸಿಕೊಟ್ಟರು. ಆ ವೇವ್ ಬರೀ ಮಳೆಯಾಗಿ ಹೋಯಿತು, ಟ್ಯಾಂಕ್ ತುಂಬಿತು.

ಇಲ್ಲಿ ರಾತ್ರಿ 8ಕ್ಕೆ ಹೊಸ ನಕ್ಷೆ ಬಂದಾಗ ಮೈಸೂರಿನಲ್ಲಿ ಬೆಳಗಿನ ಜಾವ 5:30. ಅಮ್ಮ ಅಲಾರಂ ಇಟ್ಟು ಎದ್ದು ನೋಡುತ್ತಾರೆ ಅಂತ ಮೊನ್ನೆ ತಂಗಿ ಹೇಳಿದಳು. ಈಗ ಬಣ್ಣಗಳು ಅವರಿಗೂ ಗೊತ್ತು. ನಾಳೆ ಸಾಯಂಕಾಲ ಐದಕ್ಕೆ ಹೊರಡುತ್ತೇವೆ. ದಾರಿಯ ವಿವರ ಕೋಸ್ಟ್ ಗಾರ್ಡ್‌ಗೂ ಕಳಿಸಿದೆ, ಅಮ್ಮನಿಗೂ ಕಳಿಸಿದೆ.

ದಕ್ಷಿಣದಿಕ್ಕು · ಜುಲೈ 29

ಬೆಳಗಿನ ಜಾವ ಗುಡ್ಡಗಳು ಕಂಡ ಮೇಲೆ ಬೋಕಾದ (ಶಾಗರಾಮಸ್‌ಗೆ ಒಳಹೋಗುವ ಜಲಸಂಧಿಯ) ಬಾಯಿಯಲ್ಲಿ ನೀರಿನ ಸೆಳೆತ ಇರುತ್ತದೆ. ಎಂಜಿನ್ ಮೊದಲೇ ಹಾಕಿಟ್ಟುಕೊಳ್ಳಿ. ನಾವು ರೇಡಿಯೋ ಕೇಳುತ್ತಾ ಇರುತ್ತೇವೆ.

ಅಲೆಮನೆ · ಜುಲೈ 31

ಸೇರಿದೆವು. ರಾತ್ರಿ ಒಂದು ಗಂಟೆಗೆ ಗ್ಯಾಸ್ ಪ್ಲಾಟ್‌ಫಾರ್ಮ್‌ನ ದೀಪ ಎಡಕ್ಕೆ ಕಂಡಿತು, ಊರ ಜಾತ್ರೆಯ ಹಾಗೆ ಹೊಳೆಯುತ್ತಿತ್ತು. ಎರಡು ಸಲ ಜೋರು ಮಳೆ, 28 ನಾಟ್. ಆರೂವರೆಗೆ ಟ್ರಿನಿಡಾಡ್‌ನ ಹಸಿರು ಗುಡ್ಡ, ಮೇಲೆ ಮೋಡ, ಥೇಟ್ ಆಗುಂಬೆ. ದಕ್ಷಿಣದಿಕ್ಕು ಅವರು ದಡದಲ್ಲಿ ಹಗ್ಗ ಹಿಡಿಯೋಕೆ ನಿಂತಿದ್ದರು, ಕೈಯಲ್ಲಿ ಇಲ್ಲಿನ ಬೀದಿ ತಿಂಡಿ ಬಿಸಿ ಡಬಲ್ಸ್, ಒಳಗೆ ಕಡಲೆ ಪಲ್ಯ. ದೋಣಿಯನ್ನು ಮಧ್ಯಾಹ್ನ ಎರಡಕ್ಕೆ ಎತ್ತುತ್ತಾರೆ. ಕಾಕ್‌ಪಿಟ್ ತೂತು ಈಗಲೇ ಎರಡು ಸಲ ನೋಡಿದೆ.